ಮೋಡೆಮ್ ನಮ್ಮ ಮನೇದು, ಪಾಸ್‌ವರ್ಡ್ ಯಾರದು?

ನೇರವಾಗಿ ಕೇಳಿಬಿಡುತ್ತೇವೆ. ನಿಮ್ಮ ಮನೆಯಲ್ಲಿ ಇಂಟರ್‌ನೆಟ್ ಮೋಡೆಮ್ ಇದ್ದರೆ ಅದರ ಪಾಸ್‌ವರ್ಡ್ ನಿಮಗೆ ಗೊತ್ತಾ?

‘ಗೊತ್ತಲ್ಲ, ಮಗಳ ಫೋನಲ್ಲಿದೆ’ ಅನ್ನುತ್ತೀರಿ. ಅದು ವೈಫೈ ಪಾಸ್‌ವರ್ಡ್, ನೆಂಟರು ಬಂದಾಗ ಹೇಳುವಂಥದ್ದು. ನಾವು ಕೇಳುತ್ತಿರುವುದು ಬೇರೆ ಎರಡು. ಮೋಡೆಮ್ಮಿನ ಒಳಗಿನ ಸೆಟ್ಟಿಂಗ್ ತೆರೆಯುವುದಕ್ಕೆ ಒಂದು ಪಾಸ್‌ವರ್ಡ್ ಇರುತ್ತದೆ. ನಿಮ್ಮ ಕನೆಕ್ಷನ್‌ಗೆ ಅಂತಲೇ ಕಂಪನಿ ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಇನ್ನೊಂದು ಜೋಡಿ. ಈ ಎರಡೂ ನಿಮ್ಮ ಕೈಯಲ್ಲಿವೆಯಾ?

ಶಿವಮೊಗ್ಗದ ವಿನೋಬನಗರ, ಗೋಪಾಳದಲ್ಲಿ, ಭದ್ರಾವತಿಯ ಜನ್ನಾಪುರ, ಹೊಸಮನೆ, ಪೇಪರ್ ಟೌನ್‌ನಲ್ಲಿ, ಹೊಳೆಹೊನ್ನೂರು, ಆನವೇರಿ ಕಡೆಯ ಊರುಗಳಲ್ಲಿ ಸುದ್ದಿಗೆ ಹೋದಾಗೆಲ್ಲ ನಾವು ಇದನ್ನು ಕೇಳುವ ಅಭ್ಯಾಸ ಮಾಡಿಕೊಂಡಿದ್ದೇವೆ. ಕಾಫಿ ಕೊಟ್ಟು ಕೂರಿಸಿದವರ ಗೋಡೆಯ ಮೇಲೆ ಡಬ್ಬಿ ಕಂಡರೆ ಕೇಳುವುದು. ಉತ್ತರ ಹೆಚ್ಚುಕಮ್ಮಿ ಒಂದೇ: ‘ಅದೆಲ್ಲ ನಮಗೆ ಗೊತ್ತಾಗಲ್ಲ ಮಾರಾಯ್ರೆ, ನೆಟ್ ಹಾಕಿದ ಹುಡುಗನಿಗೆ ಗೊತ್ತು.’

ನಮ್ಮ ತಕರಾರು ಇಲ್ಲಿಂದ ಶುರು. ಡಬ್ಬಿಗೆ ದುಡ್ಡು ಕೊಟ್ಟವರು ನೀವು. ಅದು ತಿನ್ನುವ ಕರೆಂಟು ನಿಮ್ಮ ಮೀಟರಿನದು. ತಿಂಗಳ ಬಿಲ್ಲು ನಿಮ್ಮದು, ಅದರ ಮೇಲಿನ 18 ಪರ್ಸೆಂಟ್ ಜಿಎಸ್‌ಟಿಯೂ ನಿಮ್ಮದೇ. ಕೀಲಿ ಮಾತ್ರ ಇನ್ನೊಬ್ಬರ ಜೇಬಿನಲ್ಲಿ. ತೋಟದ ಪಂಪ್‌ಸೆಟ್ ಸ್ಟಾರ್ಟರ್ ಬಾಕ್ಸಿಗೆ ಬೀಗ ಹಾಕಿ ಕೀಲಿಯನ್ನು ಮೋಟಾರ್ ರಿಪೇರಿಯವನು ತಗೊಂಡು ಹೋದರೆ ನೀವು ಒಂದು ದಿನ ಸುಮ್ಮನಿರುತ್ತೀರಾ? ಮೋಡೆಮ್ ವಿಷಯದಲ್ಲಿ ವರ್ಷಗಟ್ಟಲೆ ಸುಮ್ಮನಿದ್ದೇವೆ.

ಇದು ಸಣ್ಣ ವಿಷಯ, ಇದಕ್ಕೊಂದು ಲೇಖನವಾ ಅನ್ನುವವರಿಗೆ ಹೊಳೆಹೊನ್ನೂರು ಕಡೆಯ ಒಂದು ಮನೆಯ ಕತೆ ಹೇಳುತ್ತೇವೆ. ಮಗಳ ಸಿಇಟಿ ಆಪ್ಷನ್ ಎಂಟ್ರಿಗೆ ಅವತ್ತೇ ಕೊನೆಯ ದಿನ. ಹಿಂದಿನ ರಾತ್ರಿ ಚಿಕ್ಕ ಮಗ ಮೋಡೆಮ್ಮಿನ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿದ್ದಾನೆ. ಆ ತೂತು ರೀಸೆಟ್ ಬಟನ್ನು. ಬೆಳಿಗ್ಗೆ ನೋಡಿದರೆ ವೈಫೈ ಹೆಸರೇ ಬದಲಾಗಿದೆ, ನೆಟ್ ಇಲ್ಲ. ಮೋಡೆಮ್ ಕೆಟ್ಟಿರಲಿಲ್ಲ, ಲೈನೂ ಕಡಿದಿರಲಿಲ್ಲ. ಒಳಗೆ ಬರೆದಿಟ್ಟಿದ್ದ ಯೂಸರ್‌ನೇಮ್, ಪಾಸ್‌ವರ್ಡ್ ಅಳಿಸಿಹೋಗಿತ್ತು, ಅಷ್ಟೆ. ಇನ್ನೊಮ್ಮೆ ಟೈಪ್ ಮಾಡಿದ್ದರೆ ಐದು ನಿಮಿಷದ ಕೆಲಸ. ಟೈಪ್ ಮಾಡಬೇಕಾದ್ದು ಏನು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವನು ದಾವಣಗೆರೆ ಕಡೆ ಮದುವೆಗೆ ಹೋಗಿದ್ದ, ಫೋನ್ ಸ್ವಿಚ್ ಆಫ್. ಅಪ್ಪ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಭದ್ರಾವತಿಯ ಸೈಬರ್ ಸೆಂಟರಿಗೆ ಓಡಿದರು, ಕೆಲಸ ಆಯ್ತು. ಸಂಜೆ ಅವರು ನಮಗೆ ಹೇಳಿದ ಮಾತು: ‘ತಿಂಗಳು ತಿಂಗಳು ದುಡ್ಡು ಕಟ್ಟೋದು ನಾನು, ಮದುವೆಗೆ ಹೋಗೋಕೆ ಮುಂಚೆ ಅವನ ಪರ್ಮಿಷನ್ ಕೇಳಬೇಕಾದೋನೂ ನಾನೇ ಅಂತಾಯ್ತು.’

ಇದು ಹೀಗೆ ಆಗಲೇಬೇಕಾಗಿರಲಿಲ್ಲ. ತಂತಿಯ ಕಾಲದಲ್ಲಿ ಹೀಗಿರಲೂ ಇಲ್ಲ. ಅದನ್ನು ಸ್ವಲ್ಪ ಹೇಳಬೇಕು.

ನಮ್ಮ ಕಸುಬಿನ ಹಿರಿಯರು ಭದ್ರಾವತಿಯಿಂದ ಸುದ್ದಿಯನ್ನು ಕವರಿನಲ್ಲಿ ಹಾಕಿ ಶಿವಮೊಗ್ಗದ ಬಸ್ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಎರಡು ಊರಿಗೆ ಇಪ್ಪತ್ತು ಕಿಲೋಮೀಟರೂ ಪೂರ್ತಿ ಇಲ್ಲ, ಆದರೂ ಬಸ್ಸು ತಪ್ಪಿದರೆ ಸುದ್ದಿ ನಾಳೆಗೆ. ಆಮೇಲೆ ಫ್ಯಾಕ್ಸ್. ದೇಶದಲ್ಲಿ ಸಾಮಾನ್ಯ ಜನಕ್ಕೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ನಮ್ಮ ಕಡೆಗೆ ಅದು ಡಯಲಪ್ ಆಗಿ ಬಂತು. ನೆಟ್ ಹಾಕಿದರೆ ಫೋನ್ ಎಂಗೇಜ್, ಫೋನ್ ಎತ್ತಿದರೆ ನೆಟ್ ಕಟ್. ಆ ಮೋಡೆಮ್ಮಿನ ಕರ್ಕಶ ಸದ್ದು ಕೇಳಿದವರು ಈಗ ನಲವತ್ತು ದಾಟಿದ್ದಾರೆ.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರು ಮಾಡಿತು. ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದು ಬ್ರಾಡ್‌ಬ್ಯಾಂಡ್ ಅಂತ ಸರ್ಕಾರದ 2004ರ ನೀತಿ ಹೇಳಿತ್ತು. ಈಗ ಅದೇ ಲೆಕ್ಕ 2 ಮೆಗಾಬಿಟ್‌ಗೆ ಏರಿದೆ. ವೇಗ ಇವತ್ತು ನಗು ಬರಿಸುತ್ತದೆ, ಆದರೆ ಆ ವ್ಯವಸ್ಥೆಯ ಚಂದ ಬೇರೆ ಕಡೆ ಇತ್ತು. ಮನೆಗೆ ಹೊಸ ತಂತಿ ಎಳೆಯಬೇಕಾಗಿರಲಿಲ್ಲ. ಎಕ್ಸ್‌ಚೇಂಜಿನಿಂದ ರಸ್ತೆ ಬದಿಯ ಪಿಲ್ಲರ್, ಅಲ್ಲಿಂದ ಕಂಬದ ಡಿಪಿ ಬಾಕ್ಸ್, ಅಲ್ಲಿಂದ ಮನೆ. ಅಜ್ಜನ ಕಾಲದ ಆ ಎರಡೆಳೆ ತಾಮ್ರದ ತಂತಿಯಲ್ಲೇ ಮಾತೂ ಹೋಗುತ್ತಿತ್ತು, ನೆಟ್ಟೂ ಹೋಗುತ್ತಿತ್ತು.

ಹೇಗೆ ಅಂದರೆ, ನಾವು ಮಾತಾಡುವ ದನಿಗೆ ತಂತಿಯಲ್ಲಿ ಬೇಕಾದ್ದು 4 ಕಿಲೋಹರ್ಟ್ಸ್ ಒಳಗಿನ ಜಾಗ. ಮೇಲಿನದೆಲ್ಲ ಖಾಲಿ. ಎಡಿಎಸ್‌ಎಲ್ ಅನ್ನುವ ವಿದ್ಯೆ ಸುಮಾರು 25 ಕಿಲೋಹರ್ಟ್ಸ್‌ನಿಂದ ಮೇಲಿನ ಆ ಖಾಲಿ ಜಾಗದಲ್ಲಿ ನೆಟ್ ಓಡಿಸುತ್ತದೆ. ಒಂದೇ ಓಣಿಯಲ್ಲಿ ಕೆಳಗೆ ಜನ, ಮೇಲೆ ಸೇತುವೆ ಕಟ್ಟಿ ಬಸ್ಸು. ಎರಡೂ ಗುದ್ದಾಡದ ಹಾಗೆ ಬೇರೆ ಮಾಡುವುದೇ ಸ್ಪ್ಲಿಟರ್, ಬೆಂಕಿಪೊಟ್ಟಣದ ಗಾತ್ರದ ಆ ಬಿಳಿ ಡಬ್ಬಿ. ಅದಕ್ಕೆ ಮೂರು ತೂತು: ಒಂದು ಗೋಡೆಯಿಂದ ಬಂದ ಲೈನಿಗೆ, ಒಂದು ಫೋನಿಗೆ, ಒಂದು ಮೋಡೆಮ್ಮಿಗೆ. ಫೋನು ಎತ್ತಿದಾಗ ಗೊರಗೊರ ಸದ್ದು, ರಿಂಗಾದಾಗೆಲ್ಲ ನೆಟ್ ಕಟ್ ಅಂದರೆ ನೂರಕ್ಕೆ ಎಂಬತ್ತು ಸಲ ಸ್ಪ್ಲಿಟರ್ ಹಾಕದೆ ಫೋನನ್ನು ನೇರ ಲೈನಿಗೆ ಕೊಟ್ಟಿರುತ್ತಾರೆ. ಅಥವಾ ಒಳಕೋಣೆಯ ಎರಡನೇ ಫೋನಿಗೆ ಸ್ಪ್ಲಿಟರ್ ಮರೆತಿರುತ್ತಾರೆ. (ಎಂಬತ್ತು ಅನ್ನುವುದು ನಮ್ಮ ಬಾಯಿಲೆಕ್ಕ, ಯಾವ ಸರ್ವೆಯದ್ದೂ ಅಲ್ಲ.)

ಇನ್ನು ಸೆಟ್ಟಿಂಗ್. ಶಿವಮೊಗ್ಗದ ಯಾವುದಾದರೂ ಕಂಪ್ಯೂಟರ್ ಅಂಗಡಿಯಲ್ಲಿ ನಿಮಗೆ ಬೇಕಾದ ಎಡಿಎಸ್‌ಎಲ್ ಮೋಡೆಮ್ ಕೊಂಡು ತರಬಹುದಿತ್ತು. ಬ್ರೌಸರಿನಲ್ಲಿ 192.168.1.1 ಅಂತ ಒತ್ತಿದರೆ ಮೋಡೆಮ್ಮಿನ ಪುಟ ತೆರೆಯುತ್ತಿತ್ತು. ಬಿಎಸ್‌ಎನ್‌ಎಲ್ ಲೈನಿಗಾದರೆ ವಿಪಿಐ 0, ವಿಸಿಐ 35, ಪಿಪಿಪಿಓಇ ಅಂತ ಆರಿಸಿ, ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಸೇವ್ ಮಾಡಿದರೆ ಮುಗಿಯಿತು. ಈ 0 ಮತ್ತು 35 ಗುಟ್ಟಿನ ಮಂತ್ರ ಆಗಿರಲಿಲ್ಲ. ಡಿಗ್ರಿ ಓದುವ ಹುಡುಗರು ಓಣಿಯ ಮನೆಗಳಿಗೆಲ್ಲ ತಾವೇ ಸೆಟ್ ಮಾಡಿಕೊಟ್ಟು ಒಂದು ಲೋಟ ಬಾದಾಮಿ ಹಾಲು ಕುಡಿದು ಬರುತ್ತಿದ್ದರು. ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅಂದರೆ ಹಳೆಯ ತಾಮ್ರದ ಲೈನು ನಿಧಾನ, ಮಳೆಗೆ ಹೆದರುವಂಥದ್ದು, ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದೂರವಾದರೆ ಉಸಿರು ಕಟ್ಟುವಂಥದ್ದು, ಎಲ್ಲ ಹೌದು. ಆದರೆ ಅದರಲ್ಲಿ ಗ್ರಾಹಕನಿಗೆ ಒಂದು ಸ್ವಾತಂತ್ರ್ಯ ಇತ್ತು. ಆ ಸ್ವಾತಂತ್ರ್ಯವನ್ನು ಬಳಸಿಕೊಂಡವರು ಕಡಿಮೆ. ಕಲಿಸುವುದಕ್ಕೆ ಕಂಪನಿಗೆ ಮನಸ್ಸಿರಲಿಲ್ಲ. ಮೋಡೆಮ್ ಜೊತೆ ಬಂದ ಪುಸ್ತಕ ಇಂಗ್ಲಿಷು, ಸಿಡಿ ಇಂಗ್ಲಿಷು, ಮೋಡೆಮ್ಮಿನ ಪುಟ ಇಂಗ್ಲಿಷು. ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು?

ಕಲಿಸದಿದ್ದದ್ದರ ಬೆಲೆ 2017ರ ಜುಲೈನಲ್ಲಿ ಗೊತ್ತಾಯಿತು. ಹೆಚ್ಚಿನವರು ಮರೆತಿದ್ದಾರೆ, ನೆನಪು ಮಾಡುತ್ತೇವೆ. ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಜಾಲಕ್ಕೆ ಒಂದು ಮಾಲ್‌ವೇರ್ ನುಗ್ಗಿತು. ಏಟು ಬಿದ್ದಿದ್ದು ನಮ್ಮದೇ ಕರ್ನಾಟಕ ವಲಯಕ್ಕೆ. ಸಾವಿರಾರು ಮೋಡೆಮ್‌ಗಳು ಇಂಟರ್‌ನೆಟ್ಟಿಗೆ ಸೇರದೆ ನಿಂತುಹೋದವು. ಅದು ದೊಡ್ಡ ಬುದ್ಧಿವಂತಿಕೆಯ ಕಳ್ಳತನ ಏನೂ ಅಲ್ಲ. ಮೋಡೆಮ್ಮಿನ ಯೂಸರ್‌ನೇಮ್ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಕಾರ್ಖಾನೆಯಿಂದ ಬಂದ ಆ ಎರಡು ಪದವನ್ನು ಬದಲಾಯಿಸದ ಮನೆಗಳಿಗೆ ಮಾಲ್‌ವೇರ್ ಹೊಕ್ಕಿತು. ಬದಲಾಯಿಸಿದವರು ಪಾರಾದರು. ಆಮೇಲೆ ಕಂಪನಿ ಎಲ್ಲರೂ ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಅಂತ ಪ್ರಕಟಣೆ ಕೊಟ್ಟಿತು.

ಪ್ರಕಟಣೆ ಓದಿದಾಗ ನಮಗೆ ಬಂದದ್ದು ಸಿಟ್ಟು. ಬದಲಾಯಿಸಿಕೊಳ್ಳಿ ಅನ್ನುವುದು ಯಾರಿಗೆ? ಮೋಡೆಮ್ಮಿಗೆ ಒಳಪುಟ ಅಂತ ಒಂದಿದೆ ಎಂದೇ ಯಾವತ್ತೂ ಹೇಳದವರಿಗೆ. ಬೀಗ ಇರುವ ಸಂಗತಿಯನ್ನೇ ಮುಚ್ಚಿಟ್ಟು, ಕಳ್ಳತನ ಆದ ಮೇಲೆ ನೀವು ಬೀಗ ಹಾಕಿಕೊಳ್ಳಲಿಲ್ಲ ಅಂದ ಹಾಗಾಯಿತು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಅದಕ್ಕಿಂತ ಮುಂಚೆ 2016ರ ನವೆಂಬರ್‌ನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಮ್ ಕಂಪನಿಯ ಸುಮಾರು 9 ಲಕ್ಷ ಗ್ರಾಹಕರ ರೂಟರ್‌ಗಳು ಒಂದು ದಾಳಿಗೆ ಸಿಕ್ಕಿ ತತ್ತರಿಸಿದ್ದವು. ಅಂಥ ದೇಶಗಳು ಇಂಥ ವಿಷಯದಲ್ಲಿ ಏನು ಮಾಡಿವೆ ನೋಡಿ. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಒಂದು ಕಾನೂನು ಇದೆ: ಯಾವ ರೂಟರ್ ಇಟ್ಟುಕೊಳ್ಳಬೇಕು ಅನ್ನುವುದು ಗ್ರಾಹಕನ ಇಷ್ಟ. ಕನೆಕ್ಷನ್ನಿನ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲವನ್ನೂ ಕಂಪನಿಯೇ, ಗ್ರಾಹಕ ಕೇಳದಿದ್ದರೂ, ಬರಹದಲ್ಲಿ, ಪುಕ್ಕಟೆ ಕೊಡಬೇಕು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಡಬ್ಬಿಗೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವುದೇ ಕಾನೂನುಬಾಹಿರ. ಅಡ್ಮಿನ್-ಅಡ್ಮಿನ್ ಅಲ್ಲಿ ಈಗ ಅಪರಾಧ. ನಮ್ಮಲ್ಲಿ ಅದೇ ಸಂಪ್ರದಾಯ.

ಈಗ ತಾಮ್ರ ಹೋಗುತ್ತಿದೆ, ಫೈಬರ್ ಬರುತ್ತಿದೆ. ಬರಲಿ, ಬೇಡ ಅನ್ನುವಷ್ಟು ಪೆದ್ದರು ನಾವಲ್ಲ. ಕೂದಲೆಳೆಯಷ್ಟು ಗಾಜಿನಲ್ಲಿ ಬೆಳಕು ಹರಿದು ಬರುವಾಗ ಮಳೆಗೆ ಜಾಯಿಂಟ್ ತುಕ್ಕು ಹಿಡಿಯುವ ರಗಳೆ ಇಲ್ಲ, ಎಕ್ಸ್‌ಚೇಂಜ್ ದೂರ ಅನ್ನುವ ಗೋಳಿಲ್ಲ. ಮಲೆನಾಡಿನ ಹಳ್ಳಿಗಳಲ್ಲಿ ಮಕ್ಕಳು ಕೊರೊನಾ ಕಾಲದಲ್ಲಿ ಗುಡ್ಡ ಹತ್ತಿ, ಮರ ಹತ್ತಿ ಆನ್‌ಲೈನ್ ಕ್ಲಾಸ್ ಕೇಳಿದ್ದನ್ನು ವರದಿ ಮಾಡಿದವರು ನಾವೇ. ಮನೆಗೆ ಗಟ್ಟಿ ಲೈನ್ ಒಂದು ಬರುವುದು ಎಷ್ಟು ದೊಡ್ಡದು ಅಂತ ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ಆದರೆ ಫೈಬರ್ ಜೊತೆಗೆ ಎರಡು ವಿಷಯ ಸದ್ದಿಲ್ಲದೆ ಬದಲಾದವು. ಒಂದು, ಕರೆಂಟು. ಹಳೆಯ ಲ್ಯಾಂಡ್‌ಲೈನ್ ಫೋನಿಗೆ 48 ವೋಲ್ಟ್ ಎಕ್ಸ್‌ಚೇಂಜಿನಿಂದಲೇ ತಂತಿಯಲ್ಲಿ ಬರುತ್ತಿತ್ತು. ಮೆಸ್ಕಾಂ ಲೈನ್ ಹೋಗಿ ಊರಿಗೆ ಊರೇ ಕತ್ತಲಾದರೂ ಫೋನು ಬದುಕಿರುತ್ತಿತ್ತು. ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ. ಮನೆಯಲ್ಲಿ ಕರೆಂಟ್ ಹೋಯಿತೋ, ಮೋಡೆಮ್ ಸತ್ತಿತು, ಅದಕ್ಕೆ ಸಿಕ್ಕಿಸಿದ ಲ್ಯಾಂಡ್‌ಲೈನೂ ಸತ್ತಿತು. ಜುಲೈ ಮಳೆಯಲ್ಲಿ ಮೂರು ದಿನ ಕರೆಂಟಿಲ್ಲದ ಊರಿನಲ್ಲಿ, ವಯಸ್ಸಾದವರಿಬ್ಬರೇ ಇರುವ ಮನೆಯಲ್ಲಿ ಇದರ ಅರ್ಥ ಏನು ಅಂತ ಯೋಚಿಸಿ. ಫೈಬರ್ ಹಾಕಲು ಬಂದವರು ಇದನ್ನು ಮೊದಲೇ ಹೇಳಿ, ಒಂದು ಸಣ್ಣ ಬ್ಯಾಟರಿ ಬ್ಯಾಕಪ್ ಇಟ್ಟುಕೊಳ್ಳಿ ಅನ್ನುವುದನ್ನು ನಾವಂತೂ ಕೇಳಿಲ್ಲ.

ಎರಡನೆಯದು ನಮ್ಮ ಮುಖ್ಯ ವಿಷಯ. ಫೈಬರ್ ಮೋಡೆಮ್, ಅದನ್ನು ಓಎನ್‌ಟಿ ಅಂತಾರೆ, ತಾನಾಗಿ ಕೆಲಸ ಮಾಡುವುದಿಲ್ಲ. ಅದರ ಸೀರಿಯಲ್ ನಂಬರನ್ನು ಆ ಕಡೆಯ ಯಂತ್ರದಲ್ಲಿ ಕಂಪನಿಯವರು ನೋಂದಾಯಿಸಬೇಕು. ಅಂಗಡಿಯಿಂದ ತಂದು ಸಿಕ್ಕಿಸಿದರೆ ಆಯಿತು ಅನ್ನುವ ಕಾಲ ಹೋಯಿತು. ಈ ತಾಂತ್ರಿಕ ಕಾರಣವನ್ನು ನೆಪ ಮಾಡಿಕೊಂಡು ಎಲ್ಲ ಬಾಗಿಲನ್ನೂ ಮುಚ್ಚಲಾಗಿದೆ. ಸೀರಿಯಲ್ ನಂಬರ್ ನೋಂದಣಿ ಕಂಪನಿಯದು, ಸರಿ. ಮೋಡೆಮ್ಮಿನ ಪುಟದ ಪಾಸ್‌ವರ್ಡ್ ಯಾಕೆ ಗುಟ್ಟು? ನನ್ನ ಕನೆಕ್ಷನ್ನಿನ ಯೂಸರ್‌ನೇಮ್ ನನಗೇ ಯಾಕೆ ಗುಟ್ಟು? ವೈಫೈ ಹೆಸರು ಬದಲಾಯಿಸಲು ಇನ್ನೂರು ರೂಪಾಯಿ ‘ವಿಸಿಟಿಂಗ್ ಚಾರ್ಜ್’ ಯಾಕೆ?

ಇದಕ್ಕೆ ಕೊಡುವ ಉತ್ತರ ನಮಗೆ ಬಾಯಿಪಾಠ. ‘ಹಳ್ಳಿಯವರು ಏನೋ ಒತ್ತಿ ಏನೋ ಮಾಡ್ತಾರೆ ಸಾರ್, ಆಮೇಲೆ ನಾವೇ ಓಡಬೇಕು.’ ಹೌದಾ? ಇದೇ ಹಳ್ಳಿಯವರು ಪಹಣಿ ಆನ್‌ಲೈನಲ್ಲಿ ತೆಗೆಯುತ್ತಾರೆ, ಫೋನ್‌ಪೇಯಲ್ಲಿ ಅಡಿಕೆ ಕೊಯ್ಲಿನ ಕೂಲಿ ಕೊಡುತ್ತಾರೆ, ಮಂಡಿಯ ರಾಶಿ ಇಡಿಯ ದರವನ್ನು ದಿನಾ ಫೋನಲ್ಲೇ ನೋಡುತ್ತಾರೆ, ಡ್ರಿಪ್ಪಿನ ಟೈಮರ್ ಸೆಟ್ ಮಾಡುತ್ತಾರೆ. ಮೋಡೆಮ್ಮಿನ ಪುಟ ಇದಕ್ಕಿಂತ ಕಷ್ಟ ಅಲ್ಲ. ಒತ್ತಿ ಕೆಡಿಸಿದರೂ ಯೂಸರ್‌ನೇಮ್, ಪಾಸ್‌ವರ್ಡ್ ಬರೆದ ಚೀಟಿ ಮನೆಯಲ್ಲಿದ್ದರೆ ಅವರೇ ಸರಿ ಮಾಡಿಕೊಳ್ಳುತ್ತಾರೆ, ನೀವು ಓಡುವುದೂ ತಪ್ಪುತ್ತದೆ. ಹಾಗಾಗಿ ಓಡಾಟ ತಪ್ಪಿಸುವುದು ಕಾರಣ ಅಲ್ಲ. ಗ್ರಾಹಕ ಕೈಬಿಟ್ಟು ಹೋಗದ ಹಾಗೆ ಕಟ್ಟಿಹಾಕುವುದು ಕಾರಣ. ಕೀಲಿ ಇಲ್ಲದವನು ಬೇರೆ ಕಂಪನಿಗೆ ಹೋಗುವ ಮೊದಲು ಹತ್ತು ಸಲ ಯೋಚಿಸುತ್ತಾನೆ.

ಒಂದು ಮಾತು ಸ್ಪಷ್ಟ ಮಾಡಬೇಕು. ನಮ್ಮ ಜಗಳ ಏಣಿ ಹೆಗಲಿಗೆ ಹಾಕಿಕೊಂಡು ಬರುವ ಹುಡುಗರ ಜೊತೆ ಅಲ್ಲ. ಅವರಲ್ಲಿ ಎಷ್ಟೋ ಜನ ಐಟಿಐ, ಡಿಪ್ಲೊಮಾ ಓದಿದವರು, ನಮ್ಮ ನಿಮ್ಮ ಮನೆಯ ಮಕ್ಕಳು. ಮಳೆಯಲ್ಲಿ ಕಂಬ ಹತ್ತುತ್ತಾರೆ, ಪೆಟ್ರೋಲು ಸ್ವಂತದ್ದು ಹಾಕಿಕೊಳ್ಳುತ್ತಾರೆ. ಮೇಲಿನವರು ಪಾಸ್‌ವರ್ಡ್ ಕೊಡಬೇಡ ಅಂದರೆ ಅವರು ಕೊಡುವುದಿಲ್ಲ, ಅಷ್ಟೆ. ಪ್ರಶ್ನೆ ಕೇಳಬೇಕಾದ್ದು ಮೇಲಿನವರನ್ನು.

ಸರ್ಕಾರಿ ಕಂಪನಿಯನ್ನೂ ನಾವು ಬಿಡುವುದಿಲ್ಲ. 2020ರ ಜನವರಿ 31ರಂದು ಒಂದೇ ದಿನ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಬಿಎಸ್‌ಎನ್‌ಎಲ್‌ನ ಸುಮಾರು 78 ಸಾವಿರ ನೌಕರರು ದೇಶದಾದ್ಯಂತ ಮನೆಗೆ ಹೋದರು. ಯಾವ ಡಿಪಿಯ ಯಾವ ಜೋಡಿ ಯಾರ ಮನೆಗೆ ಹೋಗುತ್ತದೆ ಅಂತ ತಲೆಯಲ್ಲೇ ಇಟ್ಟುಕೊಂಡಿದ್ದ ಲೈನ್‌ಮ್ಯಾನ್‌ಗಳು ಅವರಲ್ಲಿದ್ದರು. ಆ ನೆನಪಿನ ನಕ್ಷೆಯನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ. 2022ರ ಜುಲೈನಲ್ಲಿ ಕೇಂದ್ರ ಸಂಪುಟ 1.64 ಲಕ್ಷ ಕೋಟಿ ರೂಪಾಯಿಯ ಪುನಶ್ಚೇತನ ಪ್ಯಾಕೇಜ್ ಒಪ್ಪಿತು. ಪಂಚಾಯ್ತಿಗಳಿಗೆ ಫೈಬರ್ ಕೊಡುವ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿತ್ತು, ಆಮೇಲೆ ಅದಕ್ಕೆ ಭಾರತ್‌ನೆಟ್ ಅಂತ ಹೊಸ ಹೆಸರು ಬಂತು. ಇಷ್ಟು ದೊಡ್ಡ ಮೊತ್ತಗಳ ಕೊನೆಯ ತುದಿ ನಮ್ಮ ಗೋಡೆಯ ಮೇಲಿನ ಡಬ್ಬಿ. ಆ ತುದಿಯಲ್ಲಿ ಗ್ರಾಹಕನ ಕೈಗೆ ಒಂದು ಕನ್ನಡದ ಹಾಳೆ ಕೊಡುವಷ್ಟು ದುಡ್ಡು ಇದರಲ್ಲಿ ಎಲ್ಲೂ ಉಳಿಯಲಿಲ್ಲವೇ?

ಭದ್ರಾವತಿಯವರಿಗೆ ಈ ದಾರಿ ಪರಿಚಯದ್ದೇ. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಗೆ ನೂರು ತುಂಬಿದ 2023ರ ಜನವರಿಯಲ್ಲೇ ಮುಚ್ಚುವ ತೀರ್ಮಾನ ಹೊರಬಿತ್ತು. 1936ರ ಎಂಪಿಎಂ ಕಾಗದ ಕಾರ್ಖಾನೆಯ ಯಂತ್ರಗಳು ಅದಕ್ಕೂ ಮೊದಲೇ ನಿಂತವು. ಮೊದಲು ರಿಪೇರಿ ನಿಲ್ಲಿಸುವುದು, ಆಮೇಲೆ ನೌಕರರನ್ನು ಕಡಿಮೆ ಮಾಡುವುದು, ಆಮೇಲೆ ‘ನೋಡಿ, ಇದು ನಡೆಯಲ್ಲ’ ಅನ್ನುವುದು. ತಾಮ್ರದ ಲೈನಿಗೆ ಆದದ್ದೂ ಇದೇ. ಫೈಬರ್ ಬಂದ ಮೇಲೆ ತಾಮ್ರ ತೆಗೆದಿದ್ದರೆ ತಕರಾರಿಲ್ಲ. ಫೈಬರ್ ಬರುವ ಮೊದಲೇ ತಾಮ್ರವನ್ನು ಸಾಯಲು ಬಿಟ್ಟ ಊರುಗಳಿವೆ. ಆ ಊರಿನ ಜನ ಕೊನೆಗೆ ಯಾರು ಮೊದಲು ಬಂದರೋ ಅವರ ಕೈಗೆ ಸಿಕ್ಕಿದರು, ಯಾವ ಷರತ್ತು ಹಾಕಿದರೂ ಸೈ ಅಂದರು. ಪಾಸ್‌ವರ್ಡ್ ಕೇಳುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು?

ಧೈರ್ಯ ಮಾಡಲೇಬೇಕಾದ ಇನ್ನೊಂದು ಕಾರಣ ಇದೆ, ಇದನ್ನು ಮನೆಯ ಹಿರಿಯರು ಗಮನಿಸಬೇಕು. ನಿಮ್ಮ ಲೈನಿನಿಂದ ಯಾರಾದರೂ ಮೋಸದ ಕೆಲಸ ಮಾಡಿದರೆ ಪೊಲೀಸರಿಗೆ ಮೊದಲು ಸಿಗುವುದು ಆ ಕನೆಕ್ಷನ್ ಯಾರ ಹೆಸರಲ್ಲಿದೆ ಅನ್ನುವ ಮಾಹಿತಿ. ಅಂದರೆ ನಿಮ್ಮ ಮನೆಯ ಬಾಗಿಲು. ಮೋಡೆಮ್ಮಿನ ಪಾಸ್‌ವರ್ಡ್ ಊರಿನ ನಾಲ್ಕು ಜನಕ್ಕೆ ಗೊತ್ತಿದ್ದು ನಿಮಗೆ ಮಾತ್ರ ಗೊತ್ತಿಲ್ಲ ಅಂದರೆ ಜವಾಬು ಮಾತ್ರ ನಿಮ್ಮದು. ಇನ್ನು ಕೆಲವು ಕಡೆ ಬಿಲ್ಲೇ ಕೊಡುವುದಿಲ್ಲ, ಒಂದು ಕನೆಕ್ಷನ್ನನ್ನು ಮೂರು ಮನೆಗೆ ಹಂಚಿರುತ್ತಾರೆ. ಬಿಲ್ಲು ಯಾರ ಹೆಸರಿನಲ್ಲಿ ಬರುತ್ತಿದೆ ಅಂತ ಇವತ್ತೇ ನೋಡಿ. ಬಿಲ್ಲೇ ಇಲ್ಲವಾದರೆ ಮೊದಲ ಜಗಳ ಅಲ್ಲಿಂದಲೇ ಶುರುವಾಗಲಿ.

ಹಾಗಾದರೆ ನಾವು ಏನು ಕೇಳುತ್ತಿದ್ದೇವೆ? ಕನೆಕ್ಷನ್ ಕೊಡುವ ದಿನ, ಏಣಿ ಗೋಡೆಯಿಂದ ಇಳಿಯುವ ಮೊದಲು, ಒಂದು ಹಾಳೆ. ಕನ್ನಡದಲ್ಲಿ. ಅದರಲ್ಲಿ ಕನೆಕ್ಷನ್ನಿನ ಯೂಸರ್‌ನೇಮ್, ಪಾಸ್‌ವರ್ಡ್. ಮೋಡೆಮ್ ಪುಟದ ವಿಳಾಸ, ಅದರ ಪಾಸ್‌ವರ್ಡ್. ಮೋಡೆಮ್ ಮಾರಿದ್ದೋ, ಬಾಡಿಗೆಯದ್ದೋ, ಡಿಪಾಸಿಟ್ ಇಟ್ಟಿದ್ದೋ ಅನ್ನುವ ರಸೀದಿ. ದೂರು ಕೊಡುವ ನಂಬರು. ಇಷ್ಟು ಕೊಡದೆ ಮೊದಲ ತಿಂಗಳ ದುಡ್ಡು ಕೊಡಬೇಡಿ. ಹಳೆಯ ಕನೆಕ್ಷನ್ ಇದ್ದವರು ಮುಂದಿನ ರೀಚಾರ್ಜ್ ದಿನ ಕೇಳಿ. ಆ ದಿನ ಅವರಿಗೆ ನಿಮ್ಮ ಮಾತು ಚೆನ್ನಾಗಿ ಕೇಳಿಸುತ್ತದೆ.

ಶಾಸಕರು, ಸಂಸದರು ಓಟು ಕೇಳಲು ಬಂದಾಗ ಟವರ್ ಕೊಡಿ ಅಂತ ಕೇಳುತ್ತೇವೆ, ‘ನೋ ನೆಟ್‌ವರ್ಕ್ ನೋ ವೋಟಿಂಗ್’ ಬೋರ್ಡು ಹಾಕಿದ ಊರುಗಳೂ ನಮ್ಮ ಜಿಲ್ಲೆಯಲ್ಲಿವೆ. ಅದರ ಜೊತೆ ಇದನ್ನೂ ಸೇರಿಸಿ. ಜರ್ಮನಿಯವರ ಹಾಗೆ, ಕೇಳದಿದ್ದರೂ ಪಾಸ್‌ವರ್ಡ್ ಕೊಡಬೇಕು ಅನ್ನುವ ನಿಯಮ ಟ್ರಾಯ್ ಮಾಡಲಿ. ಅದಕ್ಕೆ ಬಜೆಟ್ ಬೇಡ, ಟೆಂಡರ್ ಬೇಡ, ಶಂಕುಸ್ಥಾಪನೆ ಕಲ್ಲೂ ಬೇಡ. ಬಹುಶಃ ಅದಕ್ಕೇ ಯಾರಿಗೂ ಆಸಕ್ತಿ ಇಲ್ಲ.

ನಿಯಮ ಬರುವ ತನಕ ಕೂರಬೇಕಾಗಿಲ್ಲ. ನಿಮ್ಮ ಫೋನನ್ನು ಮನೆಯ ವೈಫೈಗೆ ಸೇರಿಸಿ, ಮೊಬೈಲ್ ಡೇಟಾ ಆಫ್ ಮಾಡಿ, ಬ್ರೌಸರಿನಲ್ಲಿ 192.168.1.1 ಒತ್ತಿ. ಬರದಿದ್ದರೆ ಮೋಡೆಮ್ ತಿರುಗಿಸಿ ಅಡಿಯ ಚೀಟಿ ನೋಡಿ, ವಿಳಾಸ, ಮೊದಲ ಪಾಸ್‌ವರ್ಡ್ ಹೆಚ್ಚಾಗಿ ಅಲ್ಲೇ ಅಚ್ಚಾಗಿರುತ್ತದೆ. ಅದರಲ್ಲೇ ಪುಟ ತೆರೆದರೆ ನಿಮ್ಮ ಮನೆಯದೂ 2017ರ ಕತೆಯೇ ಅಂತ ತಿಳಿಯಿರಿ, ಕೂಡಲೇ ಬದಲಾಯಿಸಿ. ಹೊಸ ಪಾಸ್‌ವರ್ಡನ್ನು ಫೋನಿನಲ್ಲಿ ಮಾತ್ರ ಇಡಬೇಡಿ. ರೇಷನ್ ಕಾರ್ಡ್, ಪಹಣಿ ಇಡುವ ಫೈಲಿನಲ್ಲಿ ಒಂದು ಚೀಟಿ ಬರೆದಿಡಿ. ರೀಸೆಟ್ ತೂತಿಗೆ ಮಾತ್ರ, ಕನೆಕ್ಷನ್ನಿನ ಯೂಸರ್‌ನೇಮ್ ಕೈಗೆ ಬರುವ ತನಕ, ಯಾರೂ ಪಿನ್ನು ಹಾಕದ ಹಾಗೆ ನೋಡಿಕೊಳ್ಳಿ.

ಗುಡುಗು ಶುರುವಾದರೆ ತಾಮ್ರದ ಲೈನಿನವರು ಪ್ಲಗ್ ಜೊತೆ ಫೋನ್ ತಂತಿಯನ್ನೂ ಮೋಡೆಮ್ಮಿನಿಂದ ಕೀಳಬೇಕು, ಸಿಡಿಲು ಹೆಚ್ಚಾಗಿ ಆ ತಂತಿಯಲ್ಲೇ ಬರುವುದು. ಫೈಬರ್‌ನವರು ಪ್ಲಗ್ ಕಿತ್ತರೆ ಸಾಕು, ಗಾಜಿನ ಎಳೆಯನ್ನು ಕೀಳಲು ಹೋಗಬೇಡಿ. ಅದರ ತುದಿಗೆ ಧೂಳು ತಗುಲಿದರೂ ಬೆಳಕು ಮಂಕಾಗುತ್ತದೆ. ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುವುದಂತೂ ಬೇಡವೇ ಬೇಡ, ಮಕ್ಕಳಿಗೂ ಹೇಳಿ. ಎಲ್‌ಓಎಸ್ ಅಂತ ಬರೆದ ದೀಪ ಕೆಂಪಗೆ ಉರಿದರೆ ಬೆಳಕು ಮೋಡೆಮ್ಮಿಗೆ ತಲುಪುತ್ತಿಲ್ಲ, ತಪ್ಪು ಹೆಚ್ಚಾಗಿ ಲೈನಿನಲ್ಲಿರುತ್ತದೆ. ಆಗ ‘ನಿಮ್ಮ ಮೋಡೆಮ್ ಹೋಗಿದೆ, ಹೊಸದು ತಗೊಳ್ಳಿ’ ಅಂದರೆ ತಕ್ಷಣ ದುಡ್ಡು ತೆಗೆಯಬೇಡಿ, ಮೊದಲು ಲೈನ್ ಚೆಕ್ ಮಾಡಿಸಿ.

ದೂರನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಹುಡುಗನ ವಾಟ್ಸಾಪಿಗೆ ಹಾಕಿದ್ದೂ ದೂರಲ್ಲ. ಕಂಪನಿಯ ನಂಬರಿಗೇ ಫೋನ್ ಮಾಡಿ, ಡಾಕೆಟ್ ನಂಬರ್ ಕೇಳಿ, ತಾರೀಕಿನ ಜೊತೆ ಅದೇ ಫೈಲಿನ ಚೀಟಿಯ ಹಿಂದೆ ಬರೆದುಕೊಳ್ಳಿ. ಮನೆಯ ಲೈನು ದೂರು ಕೊಟ್ಟ 3 ದಿನದೊಳಗೆ ಸರಿಯಾಗದಿದ್ದರೆ ಬಾಡಿಗೆಯಲ್ಲಿ ಕಡಿತ ಕೊಡಬೇಕು ಅನ್ನುವುದು ಟ್ರಾಯ್ ನಿಯಮ. ಕೇಳಿದವರಿಗೆ ಸಿಕ್ಕಿದೆ. ಡಾಕೆಟ್ ನಂಬರ್ ಇಲ್ಲದೆ ಕೇಳಿದವರಿಗೆ ಸಿಕ್ಕಿಲ್ಲ.